ಜೆಲ್ಲಿನ ಎಳೆಯನ್ನು ನ್ಯಾನೊ ಅಳತೆಯಲ್ಲಿ ಓದುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಪ್ರಯೋಗಾಲಯಗಳಿಗೊಂದು ಮಾರ್ಗದರ್ಶಿ

ಗಂಗಾವತಿ ಅಕ್ಕಿಯ ಗಂಜಿಯನ್ನು ರಾತ್ರಿ ಮುಚ್ಚಿಟ್ಟರೆ, ಬೆಳಿಗ್ಗೆ ಪಾತ್ರೆ ವಾಲಿಸಿದರೂ ಹರಿಯದೆ ನಡುಗುತ್ತಾ ನಿಂತಿರುತ್ತದೆ. ಬಹುಪಾಲು ನೀರೇ, ಆದರೂ ನೀರಿನ ಗುಣ ಬಿಟ್ಟಿರುತ್ತದೆ. ಅಲ್ಲಿ ನೀರನ್ನು ಹಿಡಿದಿಟ್ಟಿರುವುದು ಪಿಷ್ಟದ ಉದ್ದುದ್ದ ಸರಪಳಿಗಳು. ಈ ಲೇಖನದ ಜೆಲ್ ಬೇರೆ ಜಾತಿಯದು. ಇದರಲ್ಲಿ ಸರಪಳಿಯೇ ಇಲ್ಲ. ಪುಟ್ಟ ಪುಟ್ಟ ಅಣುಗಳು ತಾವಾಗಿ ಒಂದರ ಮೇಲೊಂದು ಕೂತು ಎಳೆಯಾಗುತ್ತವೆ, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಲೀಟರ್ ನೀರಿಗೆ ಐದು ಗ್ರಾಂ ಪುಡಿ ಸಾಕು, ಬಾಟಲಿ ಬೋರಲು ಹಾಕಿದರೂ ಜೆಲ್ ಬೀಳುವುದಿಲ್ಲ.

ಅಣುಗಳು ಹೇಗೆ ಕೂತಿವೆ ಎಂದು ತಿಳಿಯಲು ಅವಗೆಂಪು ರೋಹಿತ (ಯಾವ ಅಲೆಯ ಅವಗೆಂಪು ಬೆಳಕನ್ನು ವಸ್ತು ಎಷ್ಟು ಹೀರಿತು ಎಂಬ ದಾಖಲೆ) ಹಳೆಯ, ನಂಬಿಕಸ್ತ ದಾರಿ. ತೊಡಕೆಂದರೆ ನಮಗೆ ಬೇಕಾದ ಬೆಳಕಿನ ಅಲೆ ಸುಮಾರು ಆರು ಮೈಕ್ರೋಮೀಟರ್ ಉದ್ದ, ಎಳೆಯ ದಪ್ಪ ಹತ್ತು ನ್ಯಾನೊಮೀಟರಿನ ಆಸುಪಾಸು. ಆರುನೂರು ಪಟ್ಟು ವ್ಯತ್ಯಾಸ. ಈ ರೋಹಿತ ತೆಗೆಯುವ ಸಾಮಾನ್ಯ ಎಫ್‌ಟಿಐಆರ್ ಯಂತ್ರ ಕೊಡುವುದು ಕೋಟ್ಯಂತರ ಎಳೆಗಳ ಸರಾಸರಿಯನ್ನು ಮಾತ್ರ. ಒಂದೊಂದು ಎಳೆಯ ಮಾತು ಕೇಳಬೇಕೆಂದರೆ ಸೂಜಿಯ ತುದಿಯಷ್ಟು ಜಾಗವನ್ನೇ ಓದುವ ನ್ಯಾನೊ ರೋಹಿತದರ್ಶನವೇ ಬೇಕು.

ಅಂಥ ಯಂತ್ರ ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಹುಡುಕಬೇಡಿ. ಯಂತ್ರದ ಸಮಯ ಸಿಗುವುದು ಬೆಂಗಳೂರಿನಂಥ ಕಡೆ, ಅದೂ ಒಂದು ದಿನ, ಬಹಳವೆಂದರೆ ಎರಡು ದಿನ. ಹಾಗೆಂದು ಕೈಕಟ್ಟಿ ಕೂರುವಂತಿಲ್ಲ, ಏಕೆಂದರೆ ಹತ್ತರಲ್ಲಿ ಒಂಬತ್ತು ಪಾಲು ಕೆಲಸ ಇರುವುದು ಯಂತ್ರದ ಮುಂದೆ ಅಲ್ಲ. ಯಂತ್ರದ ದಿನ ಈ ಕೆಲಸದ ಕೊನೆಯ ದಿನವಾಗಬೇಕು. ಮೊದಲ ದಿನವೇ ಅಲ್ಲಿಗೆ ಓಡಿದವರು ಧೂಳಿನ ರೋಹಿತ ತೆಗೆದುಕೊಂಡು ವಾಪಸ್ ಬರುತ್ತಾರೆ.

ಇಲ್ಲಿ ಬರುವ 1630, 1690 ಮುಂತಾದ ಅಂಕಿಗಳೆಲ್ಲ ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆ ಎಂಬ ಲೆಕ್ಕ. ಪ್ರತಿ ಸಲ ಏಕಮಾನ ಬರೆದಿಲ್ಲ.

ಮೊದಲು ನೀರು

ಎಲ್ಲಕ್ಕಿಂತ ಮೊದಲು ಕೆಡುವುದು ನೀರಿನಿಂದ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟುವುದನ್ನು ನೋಡಿದವರಿಗೆ ಹೇಳಬೇಕಿಲ್ಲ. ಆ ಕ್ಯಾಲ್ಸಿಯಂ ಅಯಾನು ಇಂಥ ಅಣುಗಳನ್ನು ಆಮ್ಲದ ಹಂಗಿಲ್ಲದೆಯೇ ಕಟ್ಟಿಹಾಕಬಲ್ಲದು. ಆಗ ನೀವು ನೋಡುವ ಎಳೆ ನಿಮ್ಮ ಪ್ರಯೋಗದ್ದಲ್ಲ, ಬೋರ್‌ವೆಲ್ಲಿನದು. ಕುಡಿಯಲು ಕ್ಯಾನಿನಲ್ಲಿ ಬರುವ ಆರ್‌ಓ ನೀರೂ ಸಾಲದು. 18.2 ಮೆಗಾಓಮ್-ಸೆಂಟಿಮೀಟರ್ ರೋಧದ ಅತಿಶುದ್ಧ ನೀರೇ ಬೇಕು. ವಿಭಾಗದಲ್ಲಿ ಆ ಘಟಕ ಇಲ್ಲದಿದ್ದರೆ ಹತ್ತಿರದ ವಿಶ್ವವಿದ್ಯಾಲಯದಿಂದ ಒಂದು ಲೀಟರ್ ತಂದಿಟ್ಟುಕೊಳ್ಳಿ. ಒಂದು ತಿಂಗಳ ಕೆಲಸಕ್ಕೆ ಅಷ್ಟು ಸಾಕು. ಗಾಜಿನ ಸಾಮಾನನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಒಣಗಿಸಬೇಡಿ. ಕೊನೆಯ ಮೂರು ಸಲ ಇದೇ ನೀರಿನಲ್ಲಿ ಜಾಲಿಸಿ.

ಜೆಲ್ ಕಟ್ಟುವುದು

ಕಲಿಯಲು ಒಳ್ಳೆಯ ಅಣು ಎಫ್‌ಮಾಕ್-ಡೈಫಿನೈಲ್‌ಅಲನೈನ್. ಎರಡು ಫಿನೈಲ್‌ಅಲನೈನ್ ಅಮೈನೋ ಆಮ್ಲಗಳು ಬೆಸೆದ ಪುಟ್ಟ ಪೆಪ್ಟೈಡ್, ಅದರ ಒಂದು ತುದಿಗೆ ಎಫ್‌ಮಾಕ್ ಎಂಬ ರಾಸಾಯನಿಕ ಗುಂಪು. ಅಣುತೂಕ 534.6. ಈ ಅಣುವಿನ ಮೇಲೆ ಬೇಕಾದಷ್ಟು ಕೆಲಸ ನಡೆದಿದೆ, ನಿಮ್ಮ ಫಲಿತಾಂಶ ಸರಿಯೋ ತಪ್ಪೋ ಎಂದು ಹೋಲಿಸಿ ನೋಡಬಹುದು. ಹೊಸ ಅಣುವಿನ ಮೇಲೆಯೇ ಕೈಯಿಡುವ ಉತ್ಸಾಹ ಇದ್ದರೂ ಮೊದಲು ಇದರಲ್ಲಿ ಕೈ ಪಳಗಲಿ.

ಹತ್ತು ಮಿ.ಗ್ರಾಂ ಪುಡಿಯನ್ನು ಗಾಜಿನ ವಯಲ್‌ಗೆ ಹಾಕಿ 1.8 ಮಿ.ಲೀ. ನೀರು ಸೇರಿಸಿ. ಪುಡಿ ತೇಲುತ್ತದೆ, ಕರಗುವುದಿಲ್ಲ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಒಟ್ಟು 190 ಮೈಕ್ರೋಲೀಟರ್ ಅಳೆದಿಟ್ಟುಕೊಂಡು, ಇಪ್ಪತ್ತಿಪ್ಪತ್ತು ಮೈಕ್ರೋಲೀಟರಿನಂತೆ ಹಾಕುತ್ತಾ ಕುಲುಕಿ. ಇದು ಅಣುವಿಗೆ ಒಂದಕ್ಕೊಂದು ಪ್ರಮಾಣ. ನಡುವೆ ಸೋನಿಕೇಟರ್ (ಶ್ರವಣಾತೀತ ಶಬ್ದದಿಂದ ಅಲುಗಿಸುವ) ತೊಟ್ಟಿಯಲ್ಲಿ ಹತ್ತು ನಿಮಿಷ ಇಡಿ. ದ್ರಾವಣ ತಿಳಿಯಾಗಬೇಕು, ಪಿಎಚ್ 10ರ ಹತ್ತಿರ ನಿಲ್ಲಬೇಕು. ಬೇಗ ಕರಗಲಿ ಎಂದು ಕ್ಷಾರವನ್ನು ಧಾರಾಳವಾಗಿ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಎಫ್‌ಮಾಕ್ ಗುಂಪು ಕ್ಷಾರಕ್ಕೆ ಕಳಚಿಕೊಳ್ಳುವಂಥದ್ದು. ಪಿಎಚ್ 11 ದಾಟಿ ಗಂಟೆಗಟ್ಟಲೆ ಬಿಟ್ಟರೆ ಅಣುವೇ ಮುರಿಯುತ್ತದೆ, ಜೆಲ್ ಮೆತ್ತಗಾಗುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಸೋನಿಕೇಟರ್ ಬಗ್ಗೆ ಇನ್ನೊಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನಲ್ಲಿ ತೊಟ್ಟಿಯ ನೀರು ಮೊದಲೇ ಬೆಚ್ಚಗಿರುತ್ತದೆ, ಹತ್ತು ನಿಮಿಷ ಓಡಿಸಿದರೆ ಇನ್ನೂ ಏರುತ್ತದೆ. ನಾಲ್ಕಾರು ಐಸ್ ತುಂಡು ಹಾಕಿ, ಥರ್ಮಾಮೀಟರ್ 25 ಡಿಗ್ರಿ ತೋರಿಸಲಿ.

ಈಗ ಆಮ್ಲ. ಕ್ಷಾರದಲ್ಲಿ ಕರಗಿದ ಅಣುಗಳು ಎಳೆಯಾಗಿ ಕೂಡಲು ಪಿಎಚ್ ಇಳಿಯಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದರೆ ಹನಿ ಬಿದ್ದ ಜಾಗದಲ್ಲೇ ಬಿಳಿ ಗಂಟು ಕಟ್ಟುತ್ತದೆ, ಉಳಿದ ಕಡೆ ನೀರು ನೀರೇ. ಅದಕ್ಕೇ ಗ್ಲೂಕೊನೊ-ಡೆಲ್ಟಾ-ಲ್ಯಾಕ್ಟೋನ್ ಎಂಬ ಪುಡಿ. ಇದು ನೀರಿನಲ್ಲಿ ಥಟ್ಟನೆ ಕರಗಿ, ನಿಧಾನವಾಗಿ ಗ್ಲೂಕೋನಿಕ್ ಆಮ್ಲವಾಗುತ್ತದೆ. ಹಾಲಿಗೆ ನಿಂಬೆ ಹಿಂಡುವುದಕ್ಕೂ ಹೆಪ್ಪು ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ. ಒಂದರಲ್ಲಿ ಒಡೆಯುತ್ತದೆ, ಇನ್ನೊಂದರಲ್ಲಿ ಇಡಿಯಾಗಿ ಕೂಡುತ್ತದೆ. ಹತ್ತು ಮಿ.ಗ್ರಾಂ ಲ್ಯಾಕ್ಟೋನನ್ನು ಬೇರೆ ವಯಲ್‌ನಲ್ಲಿ ತೂಗಿಟ್ಟು, ಪೆಪ್ಟೈಡ್ ದ್ರಾವಣವನ್ನು ಅದರ ಮೇಲೆ ಒಂದೇ ಸಲ ಸುರಿದು, ಮೂರ್ನಾಲ್ಕು ಸಲ ಮೆಲ್ಲಗೆ ಮಗುಚಿ ಇಟ್ಟುಬಿಡಿ. ಆಮೇಲೆ ಮುಟ್ಟಬೇಡಿ. 25 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಟ್ಟರೆ ಪಿಎಚ್ 4ರ ಹತ್ತಿರ ಬಂದು ನಿಲ್ಲುತ್ತದೆ. ಉಷ್ಣಾಂಶ ಹೆಚ್ಚಿದರೆ ಲ್ಯಾಕ್ಟೋನ್ ಬೇಗ ಒಡೆಯುತ್ತದೆ, ಎಳೆಗಳಿಗೆ ಸಾವಧಾನವಾಗಿ ಬೆಳೆಯಲು ಬಿಡುವು ಸಿಗುವುದಿಲ್ಲ. ಜನವರಿಯಲ್ಲಿ ಕಟ್ಟಿದ ಜೆಲ್ಲೂ ಮೇ ತಿಂಗಳಲ್ಲಿ ಕಟ್ಟಿದ ಜೆಲ್ಲೂ ಒಂದೇ ಆಗಬೇಕೆಂದರೆ ಕೋಣೆಯ ಎಸಿಯನ್ನು ನಂಬಬೇಡಿ. ಕರೆಂಟ್ ಹೋಗಿ ಬಂದರೂ ತಾಪ ಜಿಗಿಯದಂತೆ, ವಯಲ್ ಅನ್ನು ನೀರು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ.

ಮರುದಿನ ವಯಲ್ ಅನ್ನು ಬೋರಲು ಹಾಕಿ ನೋಡುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಜೆಲ್ ತಳದಿಂದ ಬಾಯಿವರೆಗೆ ಒಂದೇ ತೆರ ಇರುತ್ತದೆ. ಸಕ್ಕರೆ ಪಾಕ ನೀರಿಗೆ ಇಳಿಯುವಾಗ ಕಾಣುವಂಥ ತೇಲುಗೆರೆಗಳು ಕಂಡರೆ ಲ್ಯಾಕ್ಟೋನ್ ಸರಿಯಾಗಿ ಬೆರೆತಿಲ್ಲ. ಗೋಡೆಗೆ ಅಂಟಿ ನಿಂತ ಗುಳ್ಳೆಗಳು ಹೆಚ್ಚಿದ್ದರೆ ಸೋನಿಕೇಟ್ ಮಾಡಿದ ಕೂಡಲೇ ಸುರಿದಿದ್ದೀರಿ. ಎರಡು ಸಂದರ್ಭದಲ್ಲೂ ಆ ವಯಲ್ ಬದಿಗಿಡಿ. ಬೋರಲು ಪರೀಕ್ಷೆ ಜೆಲ್ ಆಗಿದೆ ಎಂದಷ್ಟೇ ಹೇಳುತ್ತದೆ, ಎಂಥ ಜೆಲ್ ಎಂದು ಹೇಳುವುದಿಲ್ಲ. ರಿಯೋಮೀಟರ್ (ಜೆಲ್ಲಿನ ಗಟ್ಟಿತನ ಅಳೆಯುವ ಯಂತ್ರ) ಸಿಕ್ಕರೆ 0.1ರಿಂದ 0.5 ಶೇಕಡಾ ಎಳೆತ, ಒಂದು ಹರ್ಟ್ಜ್ ಆವರ್ತನದಲ್ಲಿ ಅಳೆಯಿರಿ. ಸ್ಥಿತಿಸ್ಥಾಪಕ ಅಂಕ (ಮರಳಿ ಆಕಾರಕ್ಕೆ ಬರುವ ಗುಣದ್ದು) ಸ್ನಿಗ್ಧ ಅಂಕಕ್ಕಿಂತ (ಹರಿಯುವ ಗುಣದ್ದು) ಸುಮಾರು ಹತ್ತು ಪಟ್ಟು ಇರಬೇಕು. ನಮ್ಮ ಒಣ ಹವೆಗೆ ತಟ್ಟೆಯ ಅಂಚು ಬೇಗ ಒಣಗುತ್ತದೆ. ಅಂಚಿಗೆ ಪ್ಯಾರಾಫಿನ್ ಎಣ್ಣೆ ಸವರಿ, ಸಿಲಿಕೋನ್ ಎಣ್ಣೆ ಬೇಡ. ಯಾಕೆ ಬೇಡ ಎಂಬುದು ಮುಂದೆ ಬರುತ್ತದೆ.

ಊರಿನಲ್ಲೇ ತೆಗೆಯಬೇಕಾದ ರೋಹಿತ

ನ್ಯಾನೊ ರೋಹಿತವನ್ನು ಯಾವುದರ ಜೊತೆ ಹೋಲಿಸುತ್ತೀರಿ? ಒದ್ದೆ ಜೆಲ್ಲಿನ ಸಾಮಾನ್ಯ ಎಫ್‌ಟಿಐಆರ್ ಕೈಯಲ್ಲಿಲ್ಲದಿದ್ದರೆ ಬೆಂಗಳೂರಿನಲ್ಲಿ ತೆಗೆದದ್ದಕ್ಕೆ ಅರ್ಥವಿಲ್ಲ.

ಪೆಪ್ಟೈಡ್ ಜೋಡಣೆಯ ಕಥೆ ಇರುವುದು ಅಮೈಡ್-1 ಪಟ್ಟಿಯಲ್ಲಿ (ಅಮೈನೋ ಆಮ್ಲಗಳನ್ನು ಬೆಸೆಯುವ ಅಮೈಡ್ ಬಂಧ ಬೆಳಕು ಹೀರುವ ಜಾಗ), 1600ರಿಂದ 1700ರ ನಡುವೆ. ನೀರು ತನ್ನ ಬಾಗು ಕಂಪನದಿಂದ 1640ರ ಹತ್ತಿರ ಅಡ್ಡ ಕೂತುಬಿಡುತ್ತದೆ. ಹಾಗಾಗಿ ಒಂದು ಜೆಲ್ಲನ್ನು ಭಾರಜಲದಲ್ಲಿ (ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇರುವ ನೀರು) ಕಟ್ಟಬೇಕು, ಕ್ಷಾರವೂ ಸೋಡಿಯಂ ಡ್ಯೂಟರಾಕ್ಸೈಡೇ ಆಗಬೇಕು. ಭಾರಜಲದ ಬಾಗು ಕಂಪನ 1210ರ ಸುತ್ತ, ನಮ್ಮ ದಾರಿಗೆ ಅಡ್ಡ ಬರುವುದಿಲ್ಲ. ಸಾಮಾನ್ಯ ಪಿಎಚ್ ಮೀಟರಿನಲ್ಲೇ ಅಳೆದು ಬಂದ ಅಂಕಿಗೆ 0.4 ಕೂಡಿಸಿ. ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ, 50 ಮೈಕ್ರೋಮೀಟರ್ ಸ್ಪೇಸರ್, 4 ತರಂಗಸಂಖ್ಯೆಯ ಸ್ಪಷ್ಟತೆ, 128 ಸ್ಕ್ಯಾನ್. ದ್ರವ ನೈಟ್ರೋಜನ್ ಬೇಡುವ ಡಿಟೆಕ್ಟರ್ ಇಲ್ಲವೆಂದು ಕೊರಗಬೇಕಿಲ್ಲ, ಕೋಣೆ ತಾಪದ ಡಿಟಿಜಿಎಸ್ ಡಿಟೆಕ್ಟರಿನಲ್ಲೇ ಸ್ಕ್ಯಾನ್ ಹೆಚ್ಚಿಸಿದರೆ ಕೆಲಸ ಆಗುತ್ತದೆ. ಭಾರಜಲದ ಬಾಟಲಿಯನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಗಾಳಿಯ ತೇವ ಕುಡಿದು ಕೆಡುತ್ತದೆ. 1450ರ ಹತ್ತಿರ ಅರೆ-ಭಾರಜಲದ ಉಬ್ಬು ಎದ್ದರೆ ಬಾಟಲಿಯನ್ನು ಅನುಮಾನಿಸಿ.

ಹಿನ್ನೆಲೆಯಾಗಿ ಬರೀ ಭಾರಜಲ ತೆಗೆದುಕೊಳ್ಳುವುದು ಇನ್ನೊಂದು ತಪ್ಪು. ಲ್ಯಾಕ್ಟೋನಿನ ಕಾರ್ಬೊನಿಲ್ 1740ರ ಆಸುಪಾಸು, ಅದರಿಂದಾಗುವ ಗ್ಲೂಕೊನೇಟಿನ ಕಾರ್ಬಾಕ್ಸಿಲೇಟ್ 1600ರ ಸ್ವಲ್ಪ ಕೆಳಗೆ ಹೀರುತ್ತದೆ. ಪೆಪ್ಟೈಡ್ ಒಂದನ್ನು ಬಿಟ್ಟು ಉಳಿದೆಲ್ಲ ಅದೇ ಪ್ರಮಾಣದಲ್ಲಿರುವ, ಅಷ್ಟೇ ಹೊತ್ತು ಇಟ್ಟ ದ್ರಾವಣವನ್ನು ಕಳೆಯಿರಿ.

ಬರುವ ರೋಹಿತದಲ್ಲಿ ಎರಡು ಪೀಕ್ ಕಾಣುತ್ತವೆ. 1630ರ ಸುತ್ತಲಿನದು ಅಮೈಡ್‌ಗಳು ಹೈಡ್ರೋಜನ್ ಬಂಧದಿಂದ ಸಾಲಾಗಿ ಕೂತಿವೆ ಎನ್ನುತ್ತದೆ, ಪ್ರೋಟೀನಿನ ಸರಪಳಿಗಳು ಅಕ್ಕಪಕ್ಕ ಕೂತು ಆಗುವ ಬೀಟಾ ಹಾಳೆಯನ್ನು ಹೋಲುವ ಜೋಡಣೆ. 1690ರ ಹತ್ತಿರದ್ದನ್ನು ಮೊದಮೊದಲು ವಿರುದ್ಧಮುಖಿ ಬೀಟಾ ಹಾಳೆಯ ಗುರುತೆಂದೇ ಓದುತ್ತಿದ್ದರು. ಅದು ಎಫ್‌ಮಾಕ್ ಗುಂಪನ್ನು ಪೆಪ್ಟೈಡಿಗೆ ಸೇರಿಸುವ ಕಾರ್ಬಮೇಟಿನದು ಎಂಬುದು ಆಮೇಲೆ ತಿಳಿಯಿತು. ಈಗಲೂ ಹಳೆಯ ಓದನ್ನೇ ಪ್ರಬಂಧಗಳಲ್ಲಿ ನಕಲು ಮಾಡುವವರಿದ್ದಾರೆ, ನೀವು ಮಾಡಬೇಡಿ. ಪ್ರೋಟೀನಿಗೆಂದು ಬರೆದಿಟ್ಟ ಕೋಷ್ಟಕವನ್ನು ಎರಡೇ ಅಮೈನೋ ಆಮ್ಲದ ಅಣುವಿಗೆ ಕಣ್ಣುಮುಚ್ಚಿ ಹೊಂದಿಸುವುದೇ ಸರಿಯಲ್ಲ.

ಪ್ರತಿದೀಪ್ತಿ ಯಂತ್ರ ಇದ್ದರೆ ಥಯೋಫ್ಲೇವಿನ್-ಟಿ ಬಣ್ಣವನ್ನು 20 ಮೈಕ್ರೋಮೋಲಾರ್ ಹಾಕಿ 440 ನ್ಯಾನೊಮೀಟರಿನಲ್ಲಿ ಉದ್ದೀಪಿಸಿ, 482ರ ಹತ್ತಿರ ನೋಡಿ. ಎಳೆ ಬೆಳೆದಂತೆ ಹೊಳಪು ಏರುತ್ತದೆ. ಜೆಲ್ ಮಬ್ಬಾದಾಗ ಬೆಳಕು ಚದುರಿ ಅಂಕಿ ತಪ್ಪುತ್ತದೆ. ಹೊಳಪಿನ ಪ್ರಮಾಣಕ್ಕಿಂತ ಅದು ಯಾವ ಹೊತ್ತಿಗೆ ಏರತೊಡಗಿತು ಎಂಬುದನ್ನು ನಂಬಿ.

ಚಿಪ್ ಮೇಲೆ ಇಳಿಸುವುದು

ನ್ಯಾನೊ ಯಂತ್ರಕ್ಕೆ ಒಯ್ಯುವುದು ಚಪ್ಪಟೆ ಚಿಪ್ ಮೇಲೆ ಒಣಗಿಸಿದ ಎಳೆಗಳನ್ನು. ಇಡೀ ಕೆಲಸದ ಸೂಕ್ಷ್ಮ ಜಾಗ ಇದು, ಇಲ್ಲಿ ಅವಸರ ಬೇಡ.

ಚಿನ್ನ ಲೇಪಿಸಿದ ಸಿಲಿಕಾನ್ ಚಿಪ್, ಸೆಂಟಿಮೀಟರ್ ಚೌಕದ್ದು, ಹತ್ತಾದರೂ ಇರಲಿ. ಅಸಿಟೋನ್, ಐಸೊಪ್ರೊಪನಾಲ್, ಅತಿಶುದ್ಧ ನೀರು, ಈ ಕ್ರಮದಲ್ಲಿ ತೊಳೆದು ನೈಟ್ರೋಜನ್ ಊದಿ ಒಣಗಿಸಿ. ಯುವಿ-ಓಜೋನ್ ಪೆಟ್ಟಿಗೆ ಇದ್ದರೆ ಹದಿನೈದು ನಿಮಿಷ. ಅಭ್ರಕ ಅಗ್ಗ, ನಯವೂ ಹೌದು. ಆದರೆ 1000ದ ಸುತ್ತ ತಾನೇ ಜೋರಾಗಿ ಹೀರುತ್ತದೆ, ಎಳೆಯ ಎತ್ತರ ಅಳೆಯಲು ಮಾತ್ರ ಬಳಸಿ.

ಜೆಲ್ಲನ್ನು ನೀರು ಬೆರೆಸಿ ತೆಳು ಮಾಡಿ ಹನಿಸುವುದು ಸುಲಭ, ಅದೇ ಮೋಸ. ತೆಳುವಾದ ಕೂಡಲೇ ಜೋಡಣೆಯೇ ಬದಲಾಗುತ್ತದೆ. ಹನಿ ಒಣಗುವಾಗ ಎಲ್ಲವೂ ಅಂಚಿಗೆ ಸರಿದು, ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಂತೆ ಉಂಗುರವಾಗುತ್ತದೆ. ಬದಲಿಗೆ ಮುದ್ರೆ ಒತ್ತುವ ವಿಧಾನ ಹಿಡಿಯಿರಿ. ಚಿಮಟದಲ್ಲಿ ಚಿಪ್ ಹಿಡಿದು, ಚಿನ್ನದ ಮುಖ ಕೆಳಗೆ ಮಾಡಿ, ಜೆಲ್ಲಿನ ಮೇಲ್ಮೈಗೆ ಅದರ ಭಾರ ಬಿಡದಂತೆ ಮುಟ್ಟಿಸಿ. ಒಂದು ನಿಮಿಷ. ಎತ್ತುವಾಗ ಒಂದು ಅಂಚನ್ನು ಮೊದಲು ಎತ್ತಿ. ತಿಳಿ ನೀರಿನ ತೆಳುಪೊರೆ ಅಂಟಿಕೊಂಡು ಬರಬೇಕು, ಜೆಲ್ಲಿನ ತುಂಡು ಬರಬಾರದು. ತುಂಡು ಬಂದರೆ ಆ ಚಿಪ್ ಕೆಟ್ಟಿತು. ವಾಟ್‌ಮನ್ ಫಿಲ್ಟರ್ ಕಾಗದದ ಚೂಪು ತುದಿಯನ್ನು ಅಂಚಿಗೆ ತಾಗಿಸಿ ನೀರು ಹೀರಿ.

ಈಗ ತೊಳೆಯುವುದು. ತೊಳೆಯದಿದ್ದರೆ ಗ್ಲೂಕೊನೇಟ್ ಒಣಗಿ ಬೆಲ್ಲದಂಟಿನಂತೆ ಎಳೆಗಳನ್ನು ಮುಚ್ಚುತ್ತದೆ, ಯಂತ್ರದ ಸೂಜಿಗೂ ಹತ್ತುತ್ತದೆ, ರೋಹಿತದಲ್ಲಿ 1000ದಿಂದ 1100ರವರೆಗೆ ಸಕ್ಕರೆಯ ಗುಡ್ಡ ಏಳುತ್ತದೆ. ಬರೀ ನೀರಿನಲ್ಲಿ ತೊಳೆದರೆ ಪಿಎಚ್ ಏರಿ ಎಳೆ ಬಿಚ್ಚಿಕೊಳ್ಳುತ್ತದೆ. 0.1 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಅಂದರೆ ಪಿಎಚ್ 4ರ ನೀರು, ಇಪ್ಪತ್ತು ಮೈಕ್ರೋಲೀಟರ್ ಹನಿ, ಹತ್ತು ಸೆಕೆಂಡ್, ಹೀರಿ ತೆಗೆಯಿರಿ. ಎರಡು ಸಲ. ಮೂರನೆಯ ಸಲ ಎಳೆಗಳೇ ಹೊರಡುತ್ತವೆ. ಆಮೇಲೆ ರಾತ್ರಿಯಿಡೀ ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಇಡಿ.

ಆ ಡೆಸಿಕೇಟರಿನ ಮುಚ್ಚಳಕ್ಕೆ ಸವರಿದ ಗ್ರೀಸ್ ಯಾವುದು ನೋಡಿದ್ದೀರಾ? ಬಹುತೇಕ ಸಿಲಿಕೋನ್ ಇರುತ್ತದೆ. ಸಿಲಿಕೋನ್ ಒಂದೇ ಅಣುವಿನ ದಪ್ಪಕ್ಕೆ ಹರಡಿಕೊಂಡು ಹೋಗುವ ವಸ್ತು. ಎಫ್‌ಟಿಐಆರಿಗೆ ಅದು ಕಾಣುವುದೇ ಇಲ್ಲ, ನ್ಯಾನೊ ಯಂತ್ರಕ್ಕೆ ಮಾತ್ರ 1260ರಲ್ಲಿ ಚೂಪಾದ ಪೀಕ್ ಆಗಿ ಎದ್ದು ನಿಲ್ಲುತ್ತದೆ. ಚಿಪ್ ಅಂಟಿಸಿ ಕಳಿಸುವ ಮೆತ್ತನೆಯ ಪಾರದರ್ಶಕ ಹಾಳೆಯ ಡಬ್ಬಿಗಳಲ್ಲೂ, ಸೂಜಿ ಬರುವ ಡಬ್ಬಿಗಳಲ್ಲೂ ಇದೇ ಸಿಲಿಕೋನ್. ಚಿಪ್‌ಗಳನ್ನು ಗಾಜಿನ ಪೆಟ್ರಿ ತಟ್ಟೆಯಲ್ಲಿಟ್ಟು ಅಲ್ಯೂಮಿನಿಯಂ ಹಾಳೆ ಸುತ್ತಿ. ರಿಯೋಮೀಟರಿಗೆ ಸಿಲಿಕೋನ್ ಎಣ್ಣೆ ಬೇಡವೆಂದದ್ದೂ ಇದಕ್ಕೇ, ಅದೇ ಕೈಗವಸಿನಲ್ಲಿ ಚಿಪ್ ಮುಟ್ಟುತ್ತೇವೆ.

ಸಂಡೂರು, ಹೊಸಪೇಟೆ ಕಡೆಯ ಪ್ರಯೋಗಾಲಯಗಳಿಗೆ ಕೆಂಪು ಧೂಳು ಪ್ರತ್ಯೇಕ ಕಾಟ. ಅದಿರಿನ ಕಬ್ಬಿಣದ ಆಕ್ಸೈಡ್ ಕಣ ಚಿತ್ರದಲ್ಲಿ ದಪ್ಪ ಗುಂಡಿನಂತೆ ಕಾಣುತ್ತದೆ, ಸೂಜಿ ಅದಕ್ಕೆ ಡಿಕ್ಕಿ ಹೊಡೆದರೆ ಸೂಜಿಯೇ ಹೋಯಿತು. ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೇ ಪೆಟ್ಟಿಗೆ ತೆರೆಯಿರಿ.

ಯಾವ ಯಂತ್ರ ಕೇಳಬೇಕು

ಮೂರು ಬಗೆ ಇವೆ. ಎಎಫ್‌ಎಂ-ಐಆರ್ ಮೊದಲನೆಯದು, ಫ್ರಾನ್ಸಿನ ಅಲೆಕ್ಸಾಂಡ್ರ್ ಡಾಜಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವಿಧಾನ. ಲೇಸರ್ ಮಿಡಿತ ಬಿದ್ದ ಜಾಗ ಬೆಳಕು ಹೀರಿದರೆ ಕಾದು ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗುತ್ತದೆ. ಮೇಲೆ ಕೂತ ಎಎಫ್‌ಎಂ (ಮೇಲ್ಮೈಯನ್ನು ಸೂಜಿಯಿಂದ ತಡವಿ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ) ಸೂಜಿ ಆ ಹಿಗ್ಗನ್ನು ಒದೆಯಂತೆ ಅನುಭವಿಸುತ್ತದೆ. ಬೆಳಕಿನ ಅಲೆ ಎಷ್ಟೇ ಉದ್ದವಿರಲಿ, ಸೂಜಿಯ ತುದಿ ಇರುವಷ್ಟೇ ಜಾಗದ ಸುದ್ದಿ ಬರುತ್ತದೆ. ಎರಡನೆಯದು ಚದುರುವ ಬೆಳಕನ್ನು ಓದುವ ಎಸ್-ಸ್ನಾಮ್, ಸುಮಾರು 20 ನ್ಯಾನೊಮೀಟರ್ ಸ್ಪಷ್ಟತೆ. ಆದರೆ ತೆಳು ಜೈವಿಕ ಎಳೆಯಲ್ಲಿ ಸಂಕೇತ ಕ್ಷೀಣ. ಮೂರನೆಯದು ಟರ್ಸ್, 1928ರ ರಾಮನ್ ಪರಿಣಾಮವನ್ನು ಬೆಳ್ಳಿ ಅಥವಾ ಚಿನ್ನದ ಸೂಜಿಯಿಂದ ಹಿಗ್ಗಿಸುವುದು. ನೀರಿನ ಕಾಟ ಕಡಿಮೆ, ಫಿನೈಲ್ ಉಂಗುರದ 1003 ಚೆನ್ನಾಗಿ ಕಾಣಬೇಕು. ಸೂಜಿ ಕೆಟ್ಟರೆ ಅಥವಾ ಎಳೆ ಸುಟ್ಟರೆ 1350, 1580ರಲ್ಲಿ ಇದ್ದಿಲಿನ ಪೀಕ್ ಮಾತ್ರ ಸಿಗುತ್ತದೆ. ಮೊದಲ ಸಲದವರು ಎಎಫ್‌ಎಂ-ಐಆರ್ ಕೇಳಿ, ಅದರಲ್ಲೂ ಟ್ಯಾಪಿಂಗ್ ವಿಧಾನವಿದ್ದರೆ ಅದೇ ಇರಲಿ. ಸೂಜಿಯನ್ನು ಎಳೆಯುತ್ತಾ ಹೋಗುವ ಕಾಂಟ್ಯಾಕ್ಟ್ ವಿಧಾನ ಮೆತ್ತನೆಯ ಎಳೆಯನ್ನು ಉಳುಮೆ ಮಾಡಿಬಿಡುತ್ತದೆ.

ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರ ಬಾಡಿಗೆಗೆ ಸಿಗುತ್ತದೆ ಎಂಬುದನ್ನು ಕೇಂದ್ರ ಸರಕಾರದ ಐ-ಸ್ಟೆಮ್ ಪೋರ್ಟಲಿನಲ್ಲಿ ಹುಡುಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ, ಇವುಗಳನ್ನು ನೇರವಾಗಿಯೂ ವಿಚಾರಿಸಿ. ಬುಕ್ ಮಾಡುವಾಗ ಲೇಸರ್ 1500ರಿಂದ 1800ರವರೆಗೆ ಬರುತ್ತದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಕೆಲವು ಲೇಸರ್‌ಗಳ ವ್ಯಾಪ್ತಿ ತುಂಡುತುಂಡಾಗಿರುತ್ತದೆ.

ಕೊಪ್ಪಳ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನವರಿಗೆ ಉದ್ಯಾನ್. ಒದ್ದೆ ಜೆಲ್ಲನ್ನು ರೈಲಿನಲ್ಲಿ ಒಯ್ಯಬೇಡಿ. ಕುಲುಕಾಟಕ್ಕೆ ಬಲೆ ಹರಿದು ನೀರು ಬಿಡುತ್ತದೆ. ಒಣಗಿದ ಚಿಪ್ ಆರು, ಬರೀ ಚಿಪ್ ಒಂದು, ಪೆಪ್ಟೈಡ್ ಇಲ್ಲದ ದ್ರಾವಣ ಮುಟ್ಟಿಸಿ ತೊಳೆದ ಚಿಪ್ ಒಂದು ಜೊತೆಗಿರಲಿ. ತೂಗಿಟ್ಟ ಪುಡಿಯ ವಯಲ್‌ಗಳನ್ನೂ ಒಯ್ಯಿರಿ, ಬೇಕಾದರೆ ಅಲ್ಲೇ ಕಟ್ಟಬಹುದು.

ಯಂತ್ರದ ದಿನ

ಮೊದಲ ಅರ್ಧ ಗಂಟೆ ಬರೀ ಚಿನ್ನದ ಮೇಲೆ ಕಳೆಯಿರಿ. ಅಲ್ಲಿ ಪೀಕ್ ಬಂದರೆ ಸೂಜಿಯೇ ಕೊಳಕು. ಗಾಳಿಯ ತೇವದ ಚೂಪು ಗೆರೆಗಳು ಅಮೈಡ್ ಪಟ್ಟಿಯ ಮೇಲೆಯೇ ಕೂರುವುದರಿಂದ ಒಣ ನೈಟ್ರೋಜನ್ ಹರಿಯುತ್ತಲೇ ಇರಲಿ.

ಐದು ಮೈಕ್ರೋಮೀಟರ್ ಚೌಕದ ಎತ್ತರದ ಚಿತ್ರ ತೆಗೆಯಿರಿ. ಎಳೆಯ ಅಗಲವನ್ನು ನಂಬಬೇಡಿ, ಸೂಜಿಯ ದಪ್ಪವೂ ಅದರಲ್ಲಿ ಸೇರಿರುತ್ತದೆ. ಎತ್ತರವನ್ನು ನಂಬಿ. ಒಂಟಿ ಎಳೆಯ ಸಂಕೇತ ದುರ್ಬಲ, ಮೊದಲು 30-40 ನ್ಯಾನೊಮೀಟರ್ ಎತ್ತರದ ಕಟ್ಟು ಹುಡುಕಿ ಅಲ್ಲಿ ಯಂತ್ರವನ್ನು ಹೊಂದಿಸಿ, ಆಮೇಲೆ ಒಂಟಿ ಎಳೆಗೆ ಹೋಗಿ. ಲೇಸರ್ ಶಕ್ತಿ ತೀರಾ ಕೆಳಗಿನಿಂದ ಆರಂಭವಾಗಲಿ. ಒಂದೇ ಜಾಗದಲ್ಲಿ ಮೂರು ಸಲ ರೋಹಿತ ತೆಗೆದು ಮೊದಲನೆಯದನ್ನೂ ಮೂರನೆಯದನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಒಂದಾಗದಿದ್ದರೆ ಎಳೆ ಬೇಯುತ್ತಿದೆ, ಶಕ್ತಿ ಇಳಿಸಿ.

ಒಂದೊಂದು ಬಿಂದುವಿಗೆ 2 ತರಂಗಸಂಖ್ಯೆಯ ಹೆಜ್ಜೆಯಲ್ಲಿ ಐದರಿಂದ ಹತ್ತು ರೋಹಿತ. ಆಮೇಲೆ 1630, 1690 ಮತ್ತು ಏನೂ ಹೀರದ 1800ರಲ್ಲಿ ಮೂರು ನಕ್ಷೆ. ದಪ್ಪ ಎಳೆ ಎಲ್ಲ ನಕ್ಷೆಯಲ್ಲೂ ಹೊಳೆಯುತ್ತದೆ, ಹೊಳಪು ನೋಡಿ ಮರುಳಾಗಬೇಡಿ. 1630ನ್ನು 1690ರಿಂದ ಭಾಗಿಸಿದರೆ ದಪ್ಪದ ಪಾಲು ಕಳೆದು ಜೋಡಣೆಯ ಪಾಲು ಉಳಿಯುತ್ತದೆ. 1800ರಲ್ಲೂ ಎಳೆ ಕಂಡರೆ ನೀವು ನೋಡುತ್ತಿರುವುದು ರಸಾಯನವಲ್ಲ, ಗಡಸುತನ. ಚಿನ್ನದ ಮೇಲಿಂದ ಎಳೆಯ ಮೇಲೆ ಹತ್ತುವಾಗ ಸೂಜಿಯ ಅನುರಣನ (ಅದು ಸಹಜವಾಗಿ ಕಂಪಿಸುವ ಆವರ್ತನ) ಸರಿದಿದೆ. ಅನುರಣನವನ್ನು ಹಿಂಬಾಲಿಸುವ ಪಿಎಲ್ಎಲ್ ಚಾಲೂ ಮಾಡಿಸಿ.

ಮನೆಗೆ ಬಂದ ಮೇಲೆ

ಬೆರೆತ ಪೀಕ್‌ಗಳನ್ನು ಬಿಡಿಸಲು ಎರಡನೆಯ ಅವಕಲನ ತೆಗೆಯುವಾಗ ಸಾವಿಟ್ಸ್ಕಿ-ಗೋಲೆ ಎಂಬ ನಯಗೊಳಿಸುವ ವಿಧಾನದಲ್ಲಿ 9ರಿಂದ 13 ಬಿಂದು ಸಾಕು. ಕಡಿಮೆಯಾದರೆ ಗದ್ದಲವೇ ಪೀಕ್ ಆಗುತ್ತದೆ, ಹೆಚ್ಚಾದರೆ ಎರಡು ಪೀಕ್ ಬೆರೆತು ಒಂದಾಗುತ್ತವೆ. ಏಳೆಂಟು ಗಾಸಿಯನ್ (ಗಂಟೆಯಾಕಾರದ ಗೆರೆ) ಕೂರಿಸಿ ಇಷ್ಟು ಶೇಕಡಾ ಬೀಟಾ ಎಂದು ಬರೆಯುವ ಆಸೆ ಬಿಡಿ.

ಒಣ ಎಳೆಯ ರೋಹಿತವನ್ನು ಭಾರಜಲದ ಜೆಲ್ಲಿನ ರೋಹಿತದ ಪಕ್ಕದಲ್ಲಿಡಿ. ಭಾರಜಲದಲ್ಲಿ ಅಮೈಡ್-1 ಐದರಿಂದ ಹತ್ತು ತರಂಗಸಂಖ್ಯೆ ಕೆಳಗಿರುವುದು ಸಹಜ, ಡ್ಯೂಟೀರಿಯಂ ಸೇರಿದ್ದರ ಪರಿಣಾಮ ಅದು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಥವಾ ಹೊಸ ಪೀಕ್ ಹುಟ್ಟಿದ್ದರೆ ಒಣಗಿಸಿದ್ದೇ ಎಳೆಯನ್ನು ಬದಲಿಸಿರಬಹುದು. ಅನುಮಾನ ಪರಿಹರಿಸಿಕೊಳ್ಳಲು ಸುಲಭದ ದಾರಿ ಇದೆ. ಅದೇ ಜೆಲ್ಲನ್ನು ಡೆಸಿಕೇಟರಿನಲ್ಲಿ ಒಣಗಿಸಿ ನಿಮ್ಮ ಊರಿನ ಎಟಿಆರ್ ಯಂತ್ರದಲ್ಲಿ (ಮಾದರಿಯನ್ನು ಹರಳಿನ ಮೇಲೆ ಒತ್ತಿ ಅವಗೆಂಪು ರೋಹಿತ ತೆಗೆಯುವ ಬಗೆ) ರೋಹಿತ ತೆಗೆಯಿರಿ. ನ್ಯಾನೊ ರೋಹಿತ ಇದಕ್ಕೆ ಹೊಂದಿ ಒದ್ದೆಯದಕ್ಕೆ ಹೊಂದದಿದ್ದರೆ ದೋಷ ಒಣಗಿಸಿದ್ದರದು. ಎರಡಕ್ಕೂ ಹೊಂದದಿದ್ದರೆ ಪೆಪ್ಟೈಡ್ ಇಲ್ಲದ ಚಿಪ್ಪಿನ ರೋಹಿತ ತೆರೆದು, ಮೊದಲು 1260 ನೋಡಿ.